ಅಣ್ಣನಿಗೆ ಕಾಣದ ಕೆಂಪು

ನೆರೆ ಬಂದಾಗ ಯಾವ ರಸ್ತೆ ಮುಚ್ಚಿದೆ, ಯಾವುದು ತೆರೆದಿದೆ ಎಂದು ಫೋನಿನಲ್ಲೇ ತೋರಿಸುವ ನಕ್ಷೆಯನ್ನು ನಗರಸಭೆಗೆ ಮಾಡಿಕೊಟ್ಟವಳು ಅವಳೇ. ಮುಚ್ಚಿದ್ದಕ್ಕೆ ಕೆಂಪು, ತೆರೆದದ್ದಕ್ಕೆ ಹಸಿರು. ಕಚೇರಿಯಲ್ಲಿ ಎಲ್ಲರೂ ಬೆನ್ನು ತಟ್ಟಿದ್ದರು. ಮೊದಲ ದೊಡ್ಡ ಮಳೆಗೇ, ಅದನ್ನು ನೋಡಿಕೊಂಡು ಹೊರಟ ಆಸ್ಪತ್ರೆಯ ವ್ಯಾನು ರೈಲ್ವೆ ಸೇತುವೆಯ ಕೆಳಗೆ ನೀರಿನಲ್ಲಿ ಸಿಕ್ಕಿಕೊಂಡಿತು. ಓಡಿಸುತ್ತಿದ್ದವನು ಅವಳ ಒಡಹುಟ್ಟಿದ ಅಣ್ಣ. ಹಿಂದೆ ಒಬ್ಬ ಅಜ್ಜಿ ಮಲಗಿದ್ದರು. ಜನ ಕಿಟಕಿ ಒಡೆದು ಇಬ್ಬರನ್ನೂ ಹೊರಗೆಳೆದರು. ಅಜ್ಜಿ ಬದುಕಿದರು, ಆದರೆ ಎದೆ ಕಟ್ಟಿಕೊಂಡು ಹಾಸಿಗೆ ಹಿಡಿದುಬಿಟ್ಟರು.

ರಸ್ತೆ ತೆರೆದಿದೆ ಅಂತಲೇ ನಕ್ಷೆ ತೋರಿಸಿತ್ತು ಎಂದು ಅಣ್ಣ ಹೇಳಿಕೆ ಕೊಟ್ಟ. ಅವಳು ನಕ್ಷೆಯ ದಾಖಲೆ ತಡಕಾಡಿ ನೋಡಿದರೆ, ವ್ಯಾನು ಹೊರಡುವ ಮೊದಲೇ ಆ ರಸ್ತೆ ಕೆಂಪಾಗಿತ್ತು. ಸಿಟ್ಟು ನೆತ್ತಿಗೇರಿ ಅಣ್ಣನ ಮನೆಗೆ ಹೋಗಿ ಫೋನು ಮುಂದೆ ಹಿಡಿದಳು.

"ನೋಡು, ಕಣ್ಣಿಗೆ ರಾಚೋ ಹಾಗಿದೆ ಕೆಂಪು. ಎಲ್ಲಿದೆ ಹೇಳು?"

ಅಣ್ಣ ಬೆರಳಿಟ್ಟದ್ದು ಹಸಿರು ಬೀದಿಯ ಮೇಲೆ.

ಅಡುಗೆಮನೆ ಬಾಗಿಲಲ್ಲಿದ್ದ ಅತ್ತಿಗೆ ಮೆಲ್ಲಗೆ, "ಇನ್ನೂ ಎಷ್ಟು ಅಂತ ಮುಚ್ಚಿಡ್ತೀರಿ? ಹೇಳಿಬಿಡಿ," ಎಂದಳು.

ಕೆಂಪು, ಹಸಿರು ಎರಡೂ ಅವನಿಗೆ ಹುಟ್ಟಿದಾಗಿನಿಂದ ಒಂದೇ. ಸಿಗ್ನಲ್ಲಿನಲ್ಲಿ ಮೇಲಿನ ದೀಪ ಉರಿದರೆ ನಿಲ್ಲುವುದು, ಕೆಳಗಿನದು ಉರಿದರೆ ಹೊರಡುವುದು. ಲೈಸೆನ್ಸಿಗೆ ಬೇಕಾದ ಕಣ್ಣಿನ ಪರೀಕ್ಷೆಯನ್ನು ಪರಿಚಯದವರ ಸಹಿಯಿಂದ ದಾಟಿದ್ದ. ಚಿಕ್ಕಂದಿನಲ್ಲಿ ಅಂಗಡಿಯಿಂದ ಕಾಯಿ ಟೊಮೇಟೊ ತಂದು ಬೈಸಿಕೊಳ್ಳುತ್ತಿದ್ದಾಗ ಅವಳೂ ಬಿದ್ದು ಬಿದ್ದು ನಕ್ಕಿದ್ದಳು.

ಅವಳು ಕೂತು ನಕ್ಷೆಯನ್ನು ಬದಲಿಸಿದಳು. ಹಸಿರಿನ ಜಾಗಕ್ಕೆ ನೀಲಿ ಬಂತು. ಮುಚ್ಚಿದ ರಸ್ತೆಗೆ ಅಡ್ಡಗೀಟು, ಮೇಲೊಂದು ದಪ್ಪ ಗುಣಿಸು ಚಿಹ್ನೆ. ರಸ್ತೆ ಮುಟ್ಟಿದರೆ 'ಮುಚ್ಚಿದೆ' ಎಂಬ ಅಕ್ಷರ ಮೂಡುತ್ತಿತ್ತು, ಬೇಕೆಂದರೆ ದನಿಯೂ ಹೇಳುತ್ತಿತ್ತು. ನಗರಸಭೆಯ ಸಾಹೇಬರು ಮೂಗು ಮುರಿದರು. ಜೇಡ ಓಡಾಡಿದ ಹಾಗಿದೆ ಎಂದರು. ಬಣ್ಣ ಗುರುತಿಸಲಾರದವರು ಎಷ್ಟೋ ಜನ ಇದ್ದಾರೆ ಎಂದು ಅವಳು ಹೇಳಿದರೆ ಅವರ ಕಿವಿಗೆ ಹೋಗಲಿಲ್ಲ.

"ಬಣ್ಣದ ಬಗ್ಗೆ ಒಂದು ದೂರೂ ಬಂದಿಲ್ವಲ್ಲಮ್ಮ. ಯಾರಿಗೆ ಕಾಣಲ್ಲ, ಒಬ್ಬರನ್ನ ತೋರಿಸಿ."

ಉತ್ತರ ನಾಲಿಗೆ ತುದಿಗೆ ಬಂದಿತ್ತು. ಅಣ್ಣನ ಕೆಲಸ ಹೋಗುತ್ತದೆಂದು ನುಂಗಿಕೊಂಡಳು.

ಆದರೆ ಮತ್ತೆ ಮೋಡ ಕಟ್ಟತೊಡಗಿತು. ಅಣ್ಣ ಇನ್ನೂ ಅದೇ ವ್ಯಾನು ಓಡಿಸುತ್ತಿದ್ದ. ಕೊನೆಗೆ ಅವಳು ಅವನ ಬಳಿ ಹೋಗಿ, ನೀನು ಹೇಳದಿದ್ದರೆ ನಾನೇ ಹೇಳುತ್ತೇನೆ ಎಂದಳು.

"ಒಡಹುಟ್ಟಿದವಳೇ ಹೊಟ್ಟೆ ಮೇಲೆ ಹೊಡೀತೀಯಾ?"

"ಆ ಅಜ್ಜಿ ಇನ್ನೂ ಎದ್ದಿಲ್ಲ ಅಣ್ಣ."

ಅವನು ಮುಖ ತಿರುಗಿಸಿದ. ಮರುದಿನ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಯಾರೂ ಕರೆಯದೆ ಕಚೇರಿಗೆ ಬಂದ. ಸಾಹೇಬರ ಪರದೆಯ ಮುಂದೆ ನಿಂತು, "ಇದರಲ್ಲಿ ಮುಚ್ಚಿರೋ ರಸ್ತೆ ಯಾವುದು ಅಂತ ನನಗೆ ತಿಳಿಯಲ್ಲ ಸರ್. ಎಲ್ಲಾ ಕೆಸರಿನ ಬಣ್ಣ," ಎಂದ. ಹೊಸ ನಕ್ಷೆ ತೆರೆದಾಗ ಅವನ ಬೆರಳು ನೇರ ಸೇತುವೆಯ ಕೆಳಗಿನ ಅಡ್ಡಗೀಟಿನ ರಸ್ತೆಗೆ ಹೋಯಿತು. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು.

ಹೊಸ ನಕ್ಷೆ ಎಲ್ಲರ ಫೋನಿಗೂ ಬಂತು. ಅಣ್ಣನ ಕೈಯಿಂದ ಸ್ಟೀರಿಂಗ್ ಹೋಯಿತು. ಶೆಡ್ಡಿನಲ್ಲಿ ವ್ಯಾನು ತೊಳೆಯುವ ಕೆಲಸಕ್ಕೆ ಹಾಕಿದರು. ಅವಳೊಂದಿಗೆ ಮಾತು ಬಿಟ್ಟ. ಏನಿದ್ದರೂ ಅತ್ತಿಗೆಯ ಮೂಲಕವೇ.

ಮಳೆ ಬಿಡುವು ಕೊಟ್ಟ ಒಂದು ಮಧ್ಯಾಹ್ನ ಅವನೇ ಫೋನು ಮಾಡಿದ.

"ಬಿಸಿಲಲ್ಲಿ ಗೀಟು ಕಾಣಲ್ವಂತೆ, ಡ್ರೈವರುಗಳು ಹೇಳ್ತಿದ್ರು. ದಪ್ಪ ಮಾಡು."

"ಆಯ್ತು ಅಣ್ಣ. ನೀನು ಹೇಗಿ—"

ಫೋನು ಇಟ್ಟಾಗಿತ್ತು. ಅವಳು ಕಣ್ಣೊರೆಸಿಕೊಂಡು ಗೀಟುಗಳನ್ನು ದಪ್ಪ ಮಾಡತೊಡಗಿದಳು.