ಎರಡನೇ ಗೆರೆ

ಕಳೆ ಕೀಳುವುದರಲ್ಲಿ ಹೊಳೆಮ್ಮನನ್ನು ಮೀರಿಸುವವರು ಕಂಪ್ಲಿ ಸೀಮೆಯಲ್ಲಿ ಇರಲಿಲ್ಲ. ಇದ್ದರೂ ಹೊಳೆಮ್ಮ ಒಪ್ಪುತ್ತಿರಲಿಲ್ಲ. ಎಳೆಯ ಭತ್ತಕ್ಕೂ ಅದರ ಪಕ್ಕದಲ್ಲಿ ಭತ್ತದಂತೆಯೇ ನಿಂತ ಹುಲ್ಲಿಗೂ ವ್ಯತ್ಯಾಸ ಕಾಣುವುದು ಕಷ್ಟ. ಹೊಸ ಹೆಣ್ಣಾಳುಗಳು ಬಣ್ಣ ನೋಡಿ ಕಿತ್ತರೆ ಆಕೆ ಬದುವಿನ ಮೇಲಿಂದಲೇ ಕೂಗುತ್ತಿದ್ದಳು: "ಎಲಿ ಬುಡ ಬಿಡಿಸಿ ನೋಡ್ರೇ! ಸಣ್ಣ ನಾಲಿಗಿ ಇದ್ರ ಭತ್ತ, ಇಲ್ಲಾಂದ್ರ ಹುಲ್ಲು. ಕಂಡದ್ದೆಲ್ಲಾ ಕಿತ್ತು ಒಗೀತೀರೇನು?"

ಅಂಥ ಹೊಳೆಮ್ಮನೇ ಒಂದು ದಿನ ಬುಡ ನೋಡದೆ ಕೈ ಹಾಕಿದಳು.

ಮಗ ಕನಕರಾಜ್ ಸಂಡೂರಿನ ಗಣಿಯಲ್ಲಿ ಟಿಪ್ಪರ್ ಓಡಿಸುತ್ತಾನೆ. ಸೊಸೆ ಭಾಗ್ಯ ಬಸುರಿಯಾದಾಗ ಮಾಡಿದ ರಕ್ತಪರೀಕ್ಷೆಯಲ್ಲಿ ಅವಳಿಗೆ ಎಚ್‌ಐವಿ ಇರುವುದು ತಿಳಿಯಿತು, ಆಮೇಲೆ ಅವನಿಗೂ. ಅಂದಿನಿಂದ ಇಬ್ಬರೂ ದಿನಾ ಗುಳಿಗೆ ನುಂಗುತ್ತಾರೆ. ಹುಟ್ಟಿದ ಹೆಣ್ಣುಕೂಸಿಗೆ ಆರು ವಾರವಾದಾಗ ಹೊಸಪೇಟೆ ಆಸ್ಪತ್ರೆಯಲ್ಲಿ ಹಿಮ್ಮಡಿಯಿಂದ ರಕ್ತ ತೆಗೆದು, ವೈರಸ್ ಕಂಡಿಲ್ಲ ಎಂದರು. ಕೊನೆಯ ಮಾತು ಹದಿನೆಂಟು ತಿಂಗಳಿಗೆ, ಅಲ್ಲಿಯವರೆಗೆ ಬೇರೆಲ್ಲೂ ಪರೀಕ್ಷೆ ಮಾಡಿಸಬೇಡಿ ಎಂದೂ ಹೇಳಿದರು. ಹದಿನೆಂಟು ತಿಂಗಳೆಂದರೆ ಕಾಲುವೆ ನೀರಿಗೆ ಮೂರು ಬೆಳೆ! ಹೊಳೆಮ್ಮನಿಗೆ ಜೀವ ತಡೆಯಲಿಲ್ಲ.

ಕೂಸಿಗೆ ಐದು ತಿಂಗಳು. ಭಾಗ್ಯ ಬಟ್ಟೆ ಒಗೆಯಲು ಹೋದದ್ದೇ ತಡ, ಅಜ್ಜಿ ಮೊಮ್ಮಗಳನ್ನು ಎತ್ತಿಕೊಂಡು ಅಕ್ಕಿ ಗಿರಣಿ ಪಕ್ಕದ ಲ್ಯಾಬಿಗೆ ನಡೆದಳು. ಕೂಸಿನ ರಕ್ತದ ಹನಿ ಬಿಟ್ಟ ಪರೀಕ್ಷೆ ಕಾರ್ಡಿನ ಉಗುರಗಲದ ಕಿಂಡಿಯಲ್ಲಿ ಒಂದು ಗೆರೆ ಮೂಡಿತು. ನೋಡನೋಡುತ್ತ ಎರಡನೆಯದೂ ಮೂಡಿತು. "ಒಂದು ಬಂದ್ರ ಇಲ್ಲ, ಎರಡು ಬಂದ್ರ ಐತಿ ಅಂತ" ಎಂದ ಲ್ಯಾಬಿನವನು, ತಲೆ ಎತ್ತದೆ.

ಮನೆಗೆ ಬರುತ್ತಲೇ ಕೂಸು ತಾಯಿಯ ಮಡಿಲೇರಿ ಹಾಲಿಗೆ ಬಾಯಿ ಹಾಕಿತು. ಹೊಳೆಮ್ಮ ಕಿತ್ತುಕೊಂಡಳು.

"ಕುಡಸಬ್ಯಾಡ. ನಿನ್ನ ರೋಗ ಇದಕ್ಕೂ ಬಂದೈತಿ. ಕಣ್ಣಾರೆ ಕಂಡು ಬಂದೀನಿ."

ಭಾಗ್ಯ ಅಳಲಿಲ್ಲ. ಚೀರುವ ಕೂಸನ್ನೂ ಅತ್ತೆಯನ್ನೂ ಒಮ್ಮೆ ನೋಡಿ, "ಹೊಸಪ್ಯಾಟಿಗೆ ನಡೀರಿ" ಎಂದಳು. ಬಸ್ಸಿನ ದಾರಿಯುದ್ದಕ್ಕೂ ಅವಳ ಕುಪ್ಪಸ ಹಾಲಿನಿಂದ ನೆನೆಯುತ್ತಲೇ ಇತ್ತು.

ಆಸ್ಪತ್ರೆಯಲ್ಲಿ ಗುಳಿಗೆ ಕೊಟ್ಟು ತಿಳಿಹೇಳುವ ಸುಮಂಗಲಾ ಎಲ್ಲ ಕೇಳಿ ನಿಟ್ಟುಸಿರಿಟ್ಟರು. "ಅಮ್ಮಾ, ಆ ಕಾರ್ಡು ವೈರಸ್ ಹುಡುಕಂಗಿಲ್ರಿ. ಅದರ ಮ್ಯಾಲೆ ಹೋರಾಡಾಕ ಮೈ ಮಾಡಿಕೊಳ್ಳೋ ಪ್ರತಿಕಾಯ ಹುಡುಕ್ತತಿ."

"ಅಂದ್ರ?"

"ಈ ವೈರಸ್ ಒಂಟಿಯಾಗಿ ಬದುಕಂಗಿಲ್ಲ. ರೋಗ ಬಂತು, ಏಳ್ರಿ ಅಂತ ಉಳಿದವನ್ನ ಎಬ್ಬಸೋ ಬಿಳಿ ರಕ್ತಕಣ ಐತಲ್ಲ, ಅದರೊಳಗ ಹೊಕ್ಕು, ಆ ಕಣಕ್ಕ ಏನು ಮಾಡಬೇಕಂತ ಹೇಳೋ ಬರಹದಾಗ ತನ್ನ ಬರಹ ಸೇರಿಸಿ ಕುಂದರ್ತತಿ. ಕಣ ತನ್ನದ ಕೆಲಸ ಅನ್ಕೊಂಡು ವೈರಸ್ ಮಾಡಿ ಕೊಡ್ತತಿ."

ಹೊಳೆಮ್ಮ ಮುಂದಕ್ಕೆ ಬಾಗಿದಳು. "ಹಂಗಾದ್ರ ಕೀಳಾದು ಹೆಂಗ್ರಿ?"

"ಪೂರಾ ಕೀಳಾಕ ಇನ್ನೂ ಬರವಲ್ದು. ಗುಳಿಗಿ ಅದನ್ನ ಹೆಚ್ಚಗೊಡಂಗಿಲ್ಲ. ಭಾಗ್ಯನ ರಕ್ತದಾಗ ಈಗ ಹುಡುಕಿದ್ರೂ ಸಿಗದಷ್ಟು ಕಡಿಮಿ ಐತಿ."

"ಮತ್ತ ಕೂಸಿನ ಎರಡನೇ ಗೆರಿ?"

"ಅದು ಭಾಗ್ಯಂದ್ರಿ. ಆಕಿ ಮೈ ಮಾಡಿದ ಪ್ರತಿಕಾಯ ಹೊಟ್ಯಾಗಿದ್ದಾಗ ಕೂಸಿಗೆ ದಾಟ್ಯಾವ. ವೈರಸ್ ದಾಟದಿದ್ರೂ ಅವು ದಾಟ್ತಾವ. ವರ್ಸ, ಒಂದೂವರಿ ವರ್ಸದಾಗ ತಾವ ಕರಗಿ ಹೋಗ್ತಾವ. ಹಾಲು ಕುಡಸ್ರಿ, ಗುಳಿಗಿ ತಪ್ಪಸಬ್ಯಾಡ್ರಿ."

ಭಾಗ್ಯ ಆಗಲೇ ಕೂಸಿಗೆ ಸೆರಗು ಹೊದಿಸಿ ಗೋಡೆಗೊರಗಿದ್ದಳು. ಹೊಳೆಮ್ಮ ನೋಡುತ್ತ ಕುಳಿತಳು. ಈ ಬಡಕಲು ಹುಡುಗಿಗೇ ತಿಳಿಯದಂತೆ ಅವಳ ಮೈ ಶತ್ರುವಿನ ಗುರುತು ಹಿಡಿದಿತ್ತು, ಕಾವಲಿನವರನ್ನು ಹುಟ್ಟಿಸಿತ್ತು, ಒಂದು ಪಾಲು ಕೂಸಿಗೂ ಕಳಿಸಿತ್ತು. ತಡೆಯಲು ಆ ಕಾವಲಿನವರಿಗೆ ಆದೀತೋ ಇಲ್ಲವೋ, ಹೋಗಿ ನಿಂತಿದ್ದರು. ಯಾರೂ ಹೇಳಿಕೊಟ್ಟಿರಲಿಲ್ಲ. ಅಬ್ಬಾ, ಏನು ಸೋಜಿಗ! ನಲವತ್ತು ವರ್ಷ ಕೆಸರಿನಲ್ಲಿ ನಿಂತು ಬುಡ ನೋಡುವುದನ್ನು ಕಲಿತವಳಿಗೆ ನಾಚಿಕೆಯಾಯಿತು.

ಹದಿನೆಂಟು ತಿಂಗಳಿಗೆ, ಹಾಲು ಬಿಡಿಸಿ ಮೂರು ತಿಂಗಳಾದ ಮೇಲೆ, ಮತ್ತೆ ಅದೇ ಬಗೆಯ ಕಾರ್ಡು. ಒಂದು ಗೆರೆ ಮೂಡಿತು. ಹೊಳೆಮ್ಮ ಕಾದಳು. ಎರಡನೆಯದರ ಜಾಗ ಖಾಲಿಯೇ ಉಳಿಯಿತು.

"ಮುಗೀತ್ರಿ. ಕೂಸಿಗೆ ಏನೂ ಇಲ್ಲ" ಎಂದರು ಸುಮಂಗಲಾ.

ಕುಣಿಯಬೇಕಾಗಿದ್ದ ಹೊಳೆಮ್ಮ ಆ ಖಾಲಿ ಜಾಗವನ್ನೇ ನೋಡುತ್ತಿದ್ದಳು. "ಭಾಗ್ಯಾ, ಅವತ್ತು ಇಲ್ಲಿ ನಿನ್ನ ರೋಗ ಕಂಡೆ ಅಂದಿದ್ದೆ. ಇಲ್ಲಿ ಕಾವಲು ನಿಂತಿದ್ದಾಕಿ ನೀನ ಅಲ್ಲೇನವ್ವಾ."

ಅಂದು ಕಿತ್ತುಕೊಂಡ ಕೈಗಳಿಂದಲೇ ಮೊಮ್ಮಗಳನ್ನು ಎತ್ತಿ ಭಾಗ್ಯಳ ಮಡಿಲಿಗೆ ಹಾಕಿದಳು.