ಪಂಕ್ತಿಯ ಮೊದಲ ಎಲೆ

ಸುಷ್ಮಾಳ ಹಟ ಅಂದರೆ ಹಟ. ಅಪ್ಪ ತೀರಿಕೊಂಡ ಮೇಲೆ ಅವ್ವ ಶೇಷಮ್ಮ ಗುತ್ಯಪ್ಪನ ಕೈಹಿಡಿದಳು. ಅಂದಿನಿಂದ ಹಬ್ಬದೂಟಕ್ಕೆ ಪಂಕ್ತಿಯ ಮೊದಲಿಗೆ ಅಪ್ಪನ ಹೆಸರಿನ ಖಾಲಿ ಎಲೆಯೊಂದು ಇರಲೇಬೇಕು, ಅದು ಈ ಹುಡುಗಿಯ ಕಾಯಿದೆ. ಗುತ್ಯಪ್ಪನೋ, ಅದಕ್ಕೆ ಎಂದೂ ಅಡ್ಡಿ ಮಾಡಿದವನಲ್ಲ. ಎಲ್ಲರ ಕೊನೆಗೆ, ಬಾಗಿಲ ಹತ್ತಿರ, ತನ್ನ ಎಲೆ ತಾನೇ ಹಾಸಿಕೊಂಡು ಉಣ್ಣುತ್ತಿದ್ದ. ಸುಷ್ಮಾಗೆ ಅದು ಕಾಣುತ್ತಿತ್ತು. ಕಂಡೂ ತನ್ನ ಕಾಯಿದೆ ಬಿಡಲಿಲ್ಲ.

ಸಾಗರದ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ವೆಕ್ಟರ್ ಪಾಠ. ವೆಕ್ಟರ್ ಎಂದರೆ ಪ್ರೋಗ್ರಾಂ ಒಳಗೆ ಬಂದವರಿಗೆಲ್ಲ ಜಾಗ ಕೊಡುತ್ತ ತಾನೇ ಉದ್ದವಾಗುವ ಸಾಲು. ಮನೆಯವರ ಹೆಸರು ತುಂಬಿಸಿ ತೋರಿಸಿ ಎಂದಿದ್ದರು ಹೇಮಾವತಿ ಮೇಡಂ. ಸುಷ್ಮಾ ಮೊದಲೇ ಮೂರು ಜಾಗ ಮಾಡಿಟ್ಟು, ಆಮೇಲೆ ಒಂದೊಂದೇ ಹೆಸರನ್ನು ಸಾಲಿನ ಕೊನೆಗೆ ಸೇರಿಸಿದಳು. ಪರದೆಯ ಮೇಲೆ ಮೂರು ಖಾಲಿ ಗೆರೆ, ಅವುಗಳ ಕೆಳಗೆ ಶೇಷಮ್ಮ, ಸುಷ್ಮಾ, ಕಟ್ಟಕಡೆಗೆ ಗುತ್ಯಪ್ಪ.

"ಅಯ್ಯೋ ಮಾರಾಯ್ತಿ!" ಮೇಡಂ ನಕ್ಕರು. "ಎಲೆ ಹಾಸಿಟ್ಟು, ಬಂದೋರಿಗೆ ಅದರಾಚೆ ಮತ್ತೆ ಎಲೆ ಹಾಕ್ತಿದ್ದೀಯಲ್ಲೇ! ಸಾಲು ಮಾಡೋವಾಗ್ಲೇ ಹೆಸರು ಸಮೇತ ಮಾಡು."

ಸುಷ್ಮಾ ಮೂರೂ ಹೆಸರನ್ನು ಒಟ್ಟಿಗೇ ಬರೆದು ಸಾಲು ಮಾಡಿದಳು. ಖಾಲಿ ಗೆರೆ ಹೋದವು. ಪ್ರೋಗ್ರಾಂ ಸರಿಯಾಯಿತು. ಇಷ್ಟು ವರ್ಷ ಒಂದು ಖಾಲಿ ಎಲೆಗಾಗಿ ಒಬ್ಬ ಮನುಷ್ಯನನ್ನು ಬಾಗಿಲಿಗೆ ತಳ್ಳಿ ಕೂರಿಸಿದೆನಲ್ಲ ಎಂದು ನಾಚಿಕೆಯಾಯಿತು.

ಆ ವಾರವೇ ಹಿರಿಯರ ಹಬ್ಬ. ತುಮರಿ ಊರಿನ ತಮ್ಮ ಮನೆಯಲ್ಲಿ ಅಪ್ಪನ ಫೋಟೊ ಮುಂದೆ ಎಡೆಯಿಟ್ಟು, ಬಾಗಿಲು ಹಾಕಿ, ಸತ್ತವರು ಉಣ್ಣಲೆಂದು ಎಲ್ಲರೂ ಜಗಲಿಯಲ್ಲಿ ಕಾದರು. ಬಾಗಿಲು ತೆರೆದ ಮೇಲೆ ಆ ಎಡೆಯನ್ನು ಮನೆಯವರು ಉಣ್ಣುವುದು ವಾಡಿಕೆ. ಸುಷ್ಮಾ ಮಾತ್ರ ಅದನ್ನು ಯಾರಿಗೂ ಮುಟ್ಟಗೊಡದೆ ದನಕ್ಕೆ ಹಾಕುತ್ತಿದ್ದಳು.

ಗುತ್ಯಪ್ಪ ಎಂದಿನಂತೆ ಬಾಗಿಲ ಹತ್ತಿರ ಎಲೆ ಹಾಸಲು ಬಗ್ಗಿದ. ಸುಷ್ಮಾ ಅದನ್ನು ಕಸಿದುಕೊಂಡಳು. ಅಪ್ಪನ ಎಡೆಯನ್ನು ತಂದು ಪಂಕ್ತಿಯ ಮೊದಲಿಗೆ, ಖಾಲಿ ಎಲೆಯ ಜಾಗದಲ್ಲಿ ಇಟ್ಟಳು.

"ಇಲ್ಲಿ ಕೂತ್ಕಳಿ."

ಗುತ್ಯಪ್ಪ ಗಾಬರಿಯಾದ. "ಅದು ನಿಮ್ಮಪ್ಪಂದು ಮಗಾ."

"ಅಪ್ಪ ಉಂಡಾಯ್ತು. ಈಗ ನೀವು ಉಣ್ಣಿ."

ಶೇಷಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗುತ್ಯಪ್ಪ ಟವೆಲಿಗೆ ಕೈ ಒರೆಸಿಕೊಂಡ, ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡ. ಆಮೇಲೆ ಮೆಲ್ಲಗೆ ಕೂತ. ಅನ್ನಕ್ಕೆ ಕೈಯಿಟ್ಟವನು ತುತ್ತೆತ್ತದೆ, ಪಕ್ಕದ ನೆಲವನ್ನು ತಟ್ಟಿದ.

"ನೀನೂ ಬಾರೇ ಮಗಾ," ಅಂದ. "ಒಬ್ನೇ ಹ್ಯಾಂಗೆ ಉಣ್ಲಿ?"