ಹುಡುಕಿದಲ್ಲಿ ಇಲ್ಲದ ಹೆಸರು

ಸುಂದರಾ ಬೆಳಗಿನ ಮೊದಲ ಬಸ್ಸಿಗೇ ರಾಯಬಾಗದಿಂದ ಚಿಕ್ಕೋಡಿಗೆ ಬಂದಿದ್ದಳು. ಶಿಕ್ಷಣ ಸಂಸ್ಥೆಯ ಮುಖ್ಯ ಕಚೇರಿಯ ಗೋಡೆಗೆ ಕಾಯಂ ಆಗುವವರ ಪಟ್ಟಿ ಹಚ್ಚಿದ್ದರು. ಹನ್ನೊಂದು ಹೆಸರು, ಅವಳನ್ನು ಬಿಟ್ಟರೆ ಉಳಿದವರೆಲ್ಲ ಚಿಕ್ಕೋಡಿಯವರೇ. ಅವಳ ಹೆಸರಿನ ಮುಂದೆ ಮಾತ್ರ 'ಕೆಲಸ ಬಿಟ್ಟಿದ್ದಾರೆ' ಎಂದಿತ್ತು.

ಹದಿನಾಲ್ಕು ವರ್ಷದಿಂದ ಹಂಗಾಮಿಯಾಗಿ ಗ್ರಂಥಾಲಯ ನೋಡಿಕೊಂಡವಳು. ಹನ್ನೆರಡು ವರ್ಷ ಇಲ್ಲೇ ಚಿಕ್ಕೋಡಿಯಲ್ಲಿ, ಆಮೇಲೆ ರಾಯಬಾಗದ ಶಾಖೆಯಲ್ಲಿ.

"ಕೆಲಸ ಬಿಟ್ಟಾಕಿ ಆಗಿದ್ರ ನಿನ್ನೆ ಸಂಜೀತನ ಪುಸ್ತಕ ಯಾಕ ಜೋಡಿಸ್ತಿದ್ನಿರಿ, ಪಾರಿಸಣ್ಣಾರ?"

ಒಳಗೆ ಮೇಜಿನ ಹಿಂದೆ ಕೂತಿದ್ದ ಹಿರಿಯ ಗುಮಾಸ್ತ ಪಾರಿಸ ಕನ್ನಡಕ ಏರಿಸಿಕೊಂಡರು. "ದಾಖಲಿ ಕಳಸ್ರಿ ಅಂತ ಎಲ್ಲಾರಿಗೂ ಮೇಲ್ ಬಿಟ್ಟೆ ಬಾಯಾರ. ನಿಮ್ಮ ಹೆಸರ ಹೊಡದ್ರ ಕಂಪ್ಯೂಟರ್ ಇಲ್ಲ ಅಂತು. ಇಲ್ಲ ಅಂದ್ರ ಬಿಟ್ಟಾರ ಅಂತ ಬರದೆ."

"ಒಂದ ಫೋನ್ ಹಚ್ಚಿದ್ರ ಬೆರಳ ಸವೀತಿದ್ದೂ ಏನ್ರಿ?"

ಪಕ್ಕದ ಮೇಜಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ತೌಸಿಫನಿಗೆ ಕಾರಣ ಹೊಳೆದಿತ್ತು. ಹೆಸರು ಒತ್ತಿದರೆ ಮೇಲ್ ಸರ್ವರು ನೌಕರರ ಯಾದಿಯಲ್ಲಿ ಹುಡುಕಿ ವಿಳಾಸ ಕೊಡುತ್ತಿತ್ತು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಐದು ಕಡೆಗೂ ಬೇರೆ ಬೇರೆ ಯಾದಿ. ಐದನ್ನೂ ಹುಡುಕಲು ಹೊತ್ತು ಹಿಡಿಯುತ್ತದೆಂದು, ಯಾರೂ ಬೇರೆ ಊರು ಆರಿಸದಿದ್ದರೆ ಚಿಕ್ಕೋಡಿಯದನ್ನಷ್ಟೇ ನೋಡುವಂತೆ ಹೋದ ವರ್ಷ ಅವನೇ ಹೊಂದಿಸಿದ್ದ. ಯಾರಿಗೂ ಹೇಳಿರಲಿಲ್ಲ.

ಈಗ ಐದನ್ನೂ ಹುಡುಕುವಂತೆ ಬದಲಿಸಿ ಹೆಸರು ಒತ್ತಿದ. ತುಸು ತಡೆದು ರಾಯಬಾಗದ ಯಾದಿಯಿಂದ ಅವಳ ವಿಳಾಸ ಬಂತು.

"ಬಂತ್ರಿ ಅಕ್ಕಾರ."

"ಈಗ ಬಂದು ಏನ ಮಾಡೂದೋ ತಮ್ಮಾ? ಪಟ್ಟಿಗೆ ಸಹಿ ಆಗೇತಿ."

ಮೂವರೂ ಸಂಸ್ಥೆಯ ಸೆಕ್ರೆಟರಿಯವರ ಕೋಣೆಗೆ ಹೋದರು. ಅವರು ಕೇಳಿಸಿಕೊಂಡು, "ಅಧ್ಯಕ್ಷರು ಸಹಿ ಮಾಡಿದ್ದನ್ನ ತಿದ್ದಬೇಕಂದ್ರ ಯಾರ ತಪ್ಪು ಅಂತ ಬರಹದಾಗ ಬೇಕು" ಅಂದರು.

ಪಾರಿಸ ಅವರ ನಿವೃತ್ತಿಗೆ ಮೂರು ತಿಂಗಳಿತ್ತು. ತೌಸಿಫನೂ ಹಂಗಾಮಿಯೇ, ಮುಂದಿನ ವರ್ಷದ ಪಟ್ಟಿಗೆ ಕಾದವನು. ಅವನು ಹಾಳೆ ಎಳೆದುಕೊಂಡು, ಒಂದೇ ಊರಿನ ಯಾದಿ ಹುಡುಕುವಂತೆ ಇಟ್ಟವನು ನಾನು, ತಪ್ಪು ನನ್ನದು ಎಂದು ಬರೆದು ಸಹಿ ಹಾಕಿದ.

"ಇಲ್ಲಿ ತಾ ಲೇ" ಎಂದು ಪಾರಿಸ ಹಾಳೆ ಕಸಿದುಕೊಂಡರು. ಕೆಳಗೆ ನಿಧಾನವಾಗಿ ಬರೆದರು: ವಿಚಾರಿಸದೆ 'ಬಿಟ್ಟಿದ್ದಾರೆ' ಎಂದು ನಮೂದಿಸಿದವನು ನಾನು.

ಸೆಕ್ರೆಟರಿ ಎರಡು ಸಲ ಓದಿ ಹಾಳೆ ಮಡಚಿದರು.

"ನಡೀರಿ ಬಾಯಾರ, ಅಧ್ಯಕ್ಷರ ಮನಿಗೆ ಹೋಗೂಣು. ನೀವ ಎದರಿಗೆ ನಿಂತ ಮ್ಯಾಲ, ಬಿಟ್ಟಾರ ಅನ್ನಾಕ ಅವರಿಗೂ ಬಾಯಿ ಬರೂದಿಲ್ಲ."